ಔಷಧಿ ಹೊಳೆ ದಾಟುವಾಗ: ನಡುಗಡ್ಡೆಯ ಮನೆಯವರು ತಿಳಿದಿರಬೇಕಾದ ವಿಷಯಗಳು

ಹೈದರಾಬಾದಿಗೆ ಸಮುದ್ರವಿಲ್ಲ. ಆದರೂ 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಯ ನಂತರ ಆ ನಗರದ ಹಲವು ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು. ನಗರದ ಅಂಚಿನ ಘಟಕೇಸರದಲ್ಲಿ ಒಂದೇ ದಿನ 30 ಸೆಂ.ಮೀ.ಗೂ ಹೆಚ್ಚು ಮಳೆಯಾಗಿತ್ತು. ಟೋಲಿಚೌಕಿಯ ನದೀಂ ಕಾಲೊನಿಯಂಥ ಕಡೆ ನೆಲಮಹಡಿ ಮುಳುಗಿ, ಜನ ಮೇಲಿನ ಮಹಡಿಗಳಲ್ಲಿ ಸಿಕ್ಕಿಕೊಂಡರು. ಇಂಥ ಹೊತ್ತಿನಲ್ಲಿ ಮೊದಲು ಕರೆಂಟ್ ಹೋಗುತ್ತದೆ, ಅದರೊಂದಿಗೆ ಫ್ರಿಜ್ ನಿಲ್ಲುತ್ತದೆ. ಫ್ರಿಜ್‌ನಲ್ಲಿದ್ದ ಇನ್ಸುಲಿನ್ ಇನ್ನೆಷ್ಟು ಹೊತ್ತು ಸರಿಯಿರುತ್ತದೆ? ನಾಳೆಯ ಬಿಪಿ ಮಾತ್ರೆ ಎಲ್ಲಿಂದ ಬರಬೇಕು? ತುಂಬು ಗರ್ಭಿಣಿಯನ್ನು ಯಾವಾಗ ಹೊರಗೆ ಕರೆದೊಯ್ಯಬೇಕು? ಮನೆಯೊಂದು ನಡುಗಡ್ಡೆಯಾದ ಕೂಡಲೇ ಏಳುವ ಪ್ರಶ್ನೆಗಳಿವು.

ನಗರದ ಬಡಾವಣೆಗೆ ಇದು ಕೆಲವು ದಿನಗಳ ಕಷ್ಟ. ಅಲ್ಲಿಂದ ನೈಋತ್ಯಕ್ಕಿರುವ ರಾಯಚೂರು, ಯಾದಗಿರಿ ಜಿಲ್ಲೆಗಳ ಕೃಷ್ಣಾ ತೀರದವರಿಗೆ ಮಾತ್ರ ಇದು ಪ್ರತಿ ಮಳೆಗಾಲದ ಮಾತು. ನಡುಗಡ್ಡೆಗೆ ಅಲ್ಲಿ ‘ಗಡ್ಡಿ’ ಎನ್ನುತ್ತಾರೆ. ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾ, ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಇಂಥವು. ಜಲದುರ್ಗದ ಕಡೆಯ ಹಳ್ಳಿಗಳಿಗೆ ಶೀಲಹಳ್ಳಿ ಸೇತುವೆಯಿದೆ. ಆದರೆ ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಸೇತುವೆಯೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ 6 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿದುಬಂದಾಗ ತೆಪ್ಪವನ್ನು ನೀರಿಗಿಳಿಸುವ ಮಾತೇ ಇರಲಿಲ್ಲ.

ಈ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಇವತ್ತಿಗೂ ದೊಡ್ಡ ಕಾಯಿಲೆ ಬಂದರೆ ಇಲ್ಲಿಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿ ಹೃದಯಕ್ಕೋ ಕಿಡ್ನಿಗೋ ತೋರಿಸಿಕೊಂಡು, ಮಾತ್ರೆಗಳ ಚೀಲ ಹಿಡಿದು ರೈಲು, ಬಸ್ಸು, ಆಟೊ ಹತ್ತಿ ಕೊನೆಗೆ ತೆಪ್ಪದಲ್ಲಿ ಕೂತು ಮನೆ ಸೇರುವವರಿದ್ದಾರೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಈ ಬರಹ ನಿಮಗಾಗಿ. ದೋಣಿಯಲ್ಲಿ ಬರುವ ಔಷಧಿ ಕೆಡದಂತೆ ನೋಡಿಕೊಳ್ಳುವುದು ಹೇಗೆ, ಯಾವುದನ್ನು ನೀರು ಏರುವ ಮುಂಚೆಯೇ ತಂದಿಟ್ಟುಕೊಳ್ಳಬೇಕು, ಯಾವ ಸಂದರ್ಭದಲ್ಲಿ ಔಷಧಿಗೆ ಕಾಯದೆ ರೋಗಿಯೇ ದಡ ಸೇರಬೇಕು ಎಂಬುದನ್ನು ನೋಡೋಣ.

ಲಸಿಕೆ ಗಡ್ಡಿಗೆ ಬರುವ ದಾರಿ

ನಿಮ್ಮ ಮಗುವಿಗೆ ಹಾಕುವ ಲಸಿಕೆಗಳಲ್ಲಿ ಕೆಲವು ಹೈದರಾಬಾದಿನಲ್ಲೇ ತಯಾರಾಗುತ್ತವೆ. ಭೇದಿ ತರುವ ರೋಟಾವೈರಸ್ ವಿರುದ್ಧದ ರೋಟಾವ್ಯಾಕ್ ಲಸಿಕೆ ಅಲ್ಲಿಯ ಭಾರತ್ ಬಯೋಟೆಕ್ ಕಂಪನಿಯದು. 1953ರಲ್ಲಿ ಶುರುವಾದ ಬಯೋಲಾಜಿಕಲ್ ಇ ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆ ತಯಾರಿಸುತ್ತದೆ. ನಾಯಿ ಕಚ್ಚಿದಾಗ ಕೊಡುವ ಅಭಯರಾಬ್ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನದು. ಕಾರ್ಖಾನೆಯಿಂದ ಹೊರಟ ಲಸಿಕೆ ರಾಜ್ಯದ ಉಗ್ರಾಣ, ಜಿಲ್ಲಾ ಉಗ್ರಾಣ, ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಹಂತಹಂತವಾಗಿ ಬರುತ್ತದೆ. ಅಲ್ಲಿಂದ ಮುಂದೆ ನೀವು ನೋಡಿರುವ ನೀಲಿ ಡಬ್ಬ, ಅಂದರೆ ಲಸಿಕೆ ಕ್ಯಾರಿಯರ್. ಆರೋಗ್ಯ ಸಹಾಯಕಿ ಅದನ್ನು ಹೆಗಲಿಗೆ ಹಾಕಿಕೊಂಡು ತೆಪ್ಪ ಹತ್ತುತ್ತಾರೆ.

ಆ ಡಬ್ಬದೊಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿಲಿಗೆ ಲಸಿಕೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅತಿ ತಂಪಿಗೂ ಕೆಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಪೆಂಟಾವೇಲೆಂಟ್, ಡಿಪಿಟಿ, ಹೆಪಟೈಟಿಸ್ ಬಿ, ಗರ್ಭಿಣಿಯರಿಗೆ ಕೊಡುವ ಟಿಡಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ದೂರದ ದೋಣಿ ಪ್ರಯಾಣ ಎಂದುಕೊಂಡು ಗಟ್ಟಿ ಮಂಜುಗಡ್ಡೆಯ ಪ್ಯಾಕ್‌ಗಳನ್ನು ಹಾಗೆಯೇ ತುಂಬಿದರೆ ಆಗುವುದು ಅದೇ. ಹಾಗಾಗಿ ಸಿಬ್ಬಂದಿ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ಸ್ವಲ್ಪ ಹೊತ್ತು ಹೊರಗಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲಷ್ಟೇ ನಾಲ್ಕು ಪ್ಯಾಕ್‌ಗಳನ್ನು ಡಬ್ಬದ ಗೋಡೆಗೆ ಒರಗಿಸಿ, ನಡುವೆ ಲಸಿಕೆ ಇಡುತ್ತಾರೆ. ಡಬ್ಬ ತೆರೆದಾಗ ಐಸ್ ಕರಗಿ ನೀರಾಗುತ್ತಿರುವುದು ಕಂಡರೆ ‘ಲಸಿಕೆ ಕೆಟ್ಟಿದೆ’ ಎಂದು ಗಾಬರಿಯಾಗಬೇಡಿ. ಅದು ಹಾಗೆಯೇ ಇರಬೇಕು.

ಅನುಮಾನವಿದ್ದರೆ ನೀವೇ ನೋಡಬಹುದಾದ ಒಂದು ಗುರುತಿದೆ. ಹೆಚ್ಚಿನ ಲಸಿಕೆ ಬಾಟಲಿಗಳ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚಿಕ್ಕ ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಚೌಕದ ಬಣ್ಣ ವೃತ್ತದಷ್ಟೇ ಗಾಢವಾಗಿದ್ದರೆ ಅಥವಾ ಇನ್ನೂ ಗಾಢವಾಗಿದ್ದರೆ ಬಳಸುವಂತಿಲ್ಲ. ‘ಅಕ್ಕಾ, ಆ ಗುರುತು ಒಮ್ಮೆ ತೋರಿಸಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳುವ ಹಕ್ಕು ನಿಮಗಿದೆ. ಈ ಗುರುತು ಬಿಸಿಯನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ ಎಂಬುದು ನೆನಪಿರಲಿ.

ತಾಯಂದಿರಿಗೆ ಇನ್ನೊಂದು ಮಾತು. ದಡಾರ-ರುಬೆಲ್ಲಾ ಮತ್ತು ಬಿಸಿಜಿ ಲಸಿಕೆಗಳು ಪುಡಿಯ ರೂಪದಲ್ಲಿರುತ್ತವೆ. ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಗಡ್ಡಿಗೆ ತಿಂಗಳಿಗೊಮ್ಮೆ ಮಾತ್ರ ಲಸಿಕೆಯ ದಿನ ಇರುವಾಗ ಹೊಲದ ಕೆಲಸ ಮುಗಿಸಿ ಸಂಜೆ ಬರುತ್ತೇನೆಂದರೆ ಬಾಟಲಿ ಅಷ್ಟರಲ್ಲಿ ಮುಗಿದಿರುತ್ತದೆ. ನದಿ ಏರಿ ಆ ದಿನವೇ ತಪ್ಪಿಹೋದರೆ ಮಗುವಿಗೆ ಮೊದಲಿನಿಂದ ಲಸಿಕೆ ಶುರುಮಾಡುವ ಅಗತ್ಯವಿಲ್ಲ. ನೀರು ಇಳಿದ ಕೂಡಲೇ ತಾಯಿ ಕಾರ್ಡ್ ಹಿಡಿದು ಹೋಗಿ, ನಿಂತಲ್ಲಿಂದ ಮುಂದುವರಿಸುತ್ತಾರೆ.

ಇನ್ಸುಲಿನ್: ಹೆಚ್ಚು ತಪ್ಪಾಗುವುದು ಇಲ್ಲಿ

ಲಸಿಕೆಯನ್ನು ಸರ್ಕಾರದ ಸಿಬ್ಬಂದಿ ತರುತ್ತಾರೆ. ಇನ್ಸುಲಿನ್ ತರುವವರು ನೀವೇ. ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ತೆರೆಯದ ಬಾಟಲಿ ಅಥವಾ ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರ್‌ನಲ್ಲಿ ಎಂದೂ ಇಡಬಾರದು. ಬಳಸಲು ಶುರುಮಾಡಿದ ಮೇಲೆ ಹೆಚ್ಚಿನ ಇನ್ಸುಲಿನ್‌ಗಳು ಕೋಣೆಯ ಉಷ್ಣತೆಯಲ್ಲಿ, ಅಂದರೆ ಸುಮಾರು 30 ಡಿಗ್ರಿಯೊಳಗೆ, 4 ವಾರ ಸರಿಯಿರುತ್ತವೆ. ನಿಮ್ಮ ಬ್ರ್ಯಾಂಡಿನ ಲೆಕ್ಕ ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ, ಅದನ್ನೇ ಪಾಲಿಸಿ. ಇದರರ್ಥ, ಕರೆಂಟ್ ಹೋಗಿ ಫ್ರಿಜ್ ಎರಡು ದಿನ ನಿಂತಿತು ಎಂದಾಕ್ಷಣ ಇನ್ಸುಲಿನ್ ಎಸೆಯಬೇಕಿಲ್ಲ. ಅದನ್ನು ಹೊರಗೆ ತೆಗೆದು ನೆರಳಿನಲ್ಲಿಟ್ಟು, ತೆಗೆದ ತಾರೀಖನ್ನು ಬಾಟಲಿಯ ಮೇಲೆ ಬರೆದು, 4 ವಾರದೊಳಗೆ ಬಳಸಿ ಮುಗಿಸಿ.

ಕಷ್ಟವಿರುವುದು ಬೇಸಿಗೆಯಲ್ಲಿ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯೇ ಒಳ್ಳೆಯ ಉಪಾಯ. ದೊಡ್ಡ ಮಡಕೆಯೊಳಗೆ ಚಿಕ್ಕದೊಂದನ್ನು ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ, ಮರಳನ್ನು ದಿನಕ್ಕೆ ಎರಡು ಸಲ ನೀರಿನಿಂದ ತೋಯಿಸಿ. ಇನ್ಸುಲಿನ್ ಅನ್ನು ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಮಡಕೆಯಲ್ಲಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಮಡಕೆ ಗಾಳಿಯಾಡುವ ನೆರಳಿನಲ್ಲಿರಲಿ. ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ತೇವಕ್ಕೆ ಅಷ್ಟು ತಂಪಾಗುವುದಿಲ್ಲ, ಆದರೆ ಆಗ ಬಿಸಿಲೂ ಅಷ್ಟಿರುವುದಿಲ್ಲ.

ಹೈದರಾಬಾದಿನಿಂದ ತರುವಾಗ ಇನ್ಸುಲಿನ್ ಚೀಲ ನಿಮ್ಮ ತೊಡೆಯ ಮೇಲಿರಲಿ. ಬಸ್ಸಿನ ಟಾಪ್ ಮೇಲಾಗಲಿ, ಹಿಂದಿನ ಲಗೇಜ್ ಡಬ್ಬಿಯಲ್ಲಾಗಲಿ, ಬೈಕಿನ ಡಿಕ್ಕಿಯಲ್ಲಾಗಲಿ ಹಾಕಬೇಡಿ. ಅಲ್ಲಿಯ ಬಿಸಿ ನಿಮ್ಮ ಊಹೆಗಿಂತ ಹೆಚ್ಚು. ಔಷಧಿ ಅಂಗಡಿಯವರು ಐಸ್ ಪ್ಯಾಕ್ ಕೊಟ್ಟರೆ ಅದನ್ನು ಟವೆಲ್‌ನಲ್ಲಿ ಸುತ್ತಿ, ಬಾಟಲಿಗೆ ನೇರವಾಗಿ ತಾಗದಂತಿಡಿ. ತೆಪ್ಪದಲ್ಲಿ ಕೂರುವ ಮುಂಚೆ ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ತೆಪ್ಪದ ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ.

ಇನ್ಸುಲಿನ್ ಕೆಟ್ಟಿದೆಯೇ ಎಂದು ಕಣ್ಣಿಗೆ ಕಾಣುವುದು ಸ್ವಲ್ಪ ಮಟ್ಟಿಗೆ ಮಾತ್ರ. ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಎಸೆಯಿರಿ. ಹಾಲಿನಂತಿರುವ ಬಗೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದ ಮೇಲೂ ಗಂಟುಗಳು ಉಳಿದರೆ, ಬಾಟಲಿಯ ಗೋಡೆಗೆ ಬಿಳಿಪುಡಿ ಹತ್ತಿದ್ದರೆ ಎಸೆಯಿರಿ. ನೋಡಲು ಸರಿಯಿದ್ದೂ ಶಕ್ತಿ ಕಳೆದುಕೊಂಡಿರಬಹುದು. ಅದೇ ಊಟ, ಅದೇ ಡೋಸ್ ಇದ್ದೂ ಸಕ್ಕರೆ ಮಟ್ಟ ದಿನೇದಿನೇ ಏರುತ್ತಿದ್ದರೆ ಹೊಸ ಬಾಟಲಿ ತೆರೆದು ನೋಡಿ, ವೈದ್ಯರಿಗೆ ಫೋನ್ ಮಾಡಿ.

ಪ್ರವಾಹದ ಹೊತ್ತಿನಲ್ಲಿ ದೋಣಿಯಲ್ಲಿ ಬರುವ ನೆರವಿನ ಇನ್ಸುಲಿನ್ ನೀವು ಬಳಸುವುದಕ್ಕಿಂತ ಬೇರೆಯಾಗಿರಬಹುದು. ಇಲ್ಲಿ ಜೀವಕ್ಕೆ ಅಪಾಯವಾಗುವಂಥ ತಪ್ಪೊಂದು ನಡೆಯುತ್ತದೆ. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಒಂದು ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜ್‌ಗಳೂ ಎರಡು ಬಗೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100 ಯೂನಿಟ್‌ನ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ ಎಳೆದುಕೊಂಡರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು ಡೋಸ್. ರಾತ್ರಿ ಸಕ್ಕರೆ ಕುಸಿದು ರೋಗಿ ಎಚ್ಚರ ತಪ್ಪಬಹುದು. ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜ್‌ನ ಮೇಲಿನ ಸಂಖ್ಯೆಯೂ ಒಂದೇ ಇದೆಯೇ ಎಂದು ಪ್ರತಿ ಸಲ ನೋಡಿ. ಓದಲು ಬಾರದ ಹಿರಿಯರಿದ್ದರೆ ಈ ಕೆಲಸ ಮನೆಯ ಮಕ್ಕಳದ್ದಾಗಲಿ.

ಟೈಪ್ 1 ಮಧುಮೇಹದವರು ಊಟ ಮಾಡದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ವಾಂತಿ, ಹೊಟ್ಟೆನೋವು, ಆಳವಾದ ಬಿರುಸು ಉಸಿರಾಟ, ಬಾಯಿಯಿಂದ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಔಷಧಿಯ ದೋಣಿಗಾಗಿ ಕಾಯಬೇಡಿ. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮಾಡಿ.

ಜೂನ್‌ಗೆ ಮುಂಚೆ ತಂದಿಡಬೇಕಾದ್ದು

ಮೇ ಕೊನೆಯ ಭೇಟಿಯಲ್ಲಿ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ: ‘ನಮ್ಮದು ಹೊಳೆಯಾಚೆಯ ಊರು ಸಾರ್, ಮಳೆಗಾಲದಲ್ಲಿ ವಾರಗಟ್ಟಲೆ ದಾಟಲು ಆಗುವುದಿಲ್ಲ.’ ಇದನ್ನು ಹೇಳದಿದ್ದರೆ ಅವರು ಎಲ್ಲರಿಗೂ ಬರೆಯುವ 30 ದಿನದ ಚೀಟಿಯನ್ನೇ ಬರೆಯುತ್ತಾರೆ. ತಿಂಗಳ ಮಾತ್ರೆಯ ಜೊತೆಗೆ ಕನಿಷ್ಠ ಎರಡು ವಾರದ್ದನ್ನು ಹೆಚ್ಚಿಗೆ ಕೇಳಿ ಪಡೆಯಿರಿ.

ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ಹೈದರಾಬಾದಿನ ಆಸ್ಪತ್ರೆ ಬರೆದ ಬ್ರ್ಯಾಂಡ್ ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಅಪರೂಪ. ಮೂಲ ಹೆಸರಿದ್ದರೆ ಅದೇ ಔಷಧಿಯನ್ನು ಬೇರೆ ಕಂಪನಿಯದ್ದಾದರೂ ದೋಣಿಯಲ್ಲಿ ಕಳಿಸಿಕೊಡಬಹುದು. ಚೀಟಿಯ ಫೋಟೊ ನಿಮ್ಮ ಮೊಬೈಲ್‌ನಲ್ಲಿ, ಆಶಾ ಕಾರ್ಯಕರ್ತೆಯ ಮೊಬೈಲ್‌ನಲ್ಲಿ, ದಡದಾಚೆಯ ಒಬ್ಬ ಸಂಬಂಧಿಕರ ಮೊಬೈಲ್‌ನಲ್ಲಿ ಇರಲಿ.

ದೋಣಿಯಲ್ಲಿ ಜಾಗ ಕಡಿಮೆ, ದಿನಕ್ಕೊಂದೇ ಸಲ ದಾಟುವುದು ಸಾಧ್ಯ ಎಂದಾಗ ಯಾವ ಔಷಧಿ ಮೊದಲು ತರಿಸಬೇಕು? ಎಲ್ಲ ಮಾತ್ರೆಗಳೂ ಸಮಾನವಲ್ಲ. ಅಪಸ್ಮಾರದ (ಫಿಟ್ಸ್) ಮಾತ್ರೆ ಒಂದೆರಡು ದಿನ ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಮಾತ್ರೆ, ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಅಥವಾ ಕೃತಕ ಕವಾಟ ಹಾಕಿಸಿಕೊಂಡವರ ರಕ್ತ ತೆಳುಮಾಡುವ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಕ್ಷಯ ಮತ್ತು ಎಚ್‌ಐವಿ ಔಷಧಿ ಬಿಟ್ಟುಬಿಟ್ಟು ತೆಗೆದುಕೊಂಡರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಅದೇ ಥೈರಾಯ್ಡ್ ಮಾತ್ರೆ, ಕೊಬ್ಬಿನಂಶದ ಮಾತ್ರೆ ಎರಡು-ಮೂರು ದಿನ ತಪ್ಪಿದರೆ ತಕ್ಷಣ ಏನೂ ಆಗುವುದಿಲ್ಲ. ನಿಮ್ಮ ಮನೆಯ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ವೈದ್ಯರ ಬಳಿ ಮುಂಚೆಯೇ ಗುರುತು ಹಾಕಿಸಿಕೊಳ್ಳಿ.

ಇವುಗಳ ಜೊತೆಗೆ ಒಆರ್‌ಎಸ್ ಪುಡಿ, ಮಕ್ಕಳಿಗೆ ಜಿಂಕ್ ಮಾತ್ರೆ, ಪ್ಯಾರಾಸಿಟಮಾಲ್, ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯಿಂದ ಪಡೆದಿಡಿ. ಹೊಳೆ ಕೆಂಪಾಗಿ ಹರಿಯುವಾಗ ಭೇದಿಯೂ ಹಿಂದೆಯೇ ಬರುತ್ತದೆ. ಒಆರ್‌ಎಸ್ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು ಬೆರೆಸಿ. ಚಮಚ ಎಂದರೆ ಇಲ್ಲಿ ಚಹಾದ ಚಮಚ.

ದೋಣಿಯಲ್ಲಿ ತರಲಾಗದ ಚಿಕಿತ್ಸೆ

2013ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ಒಂಬತ್ತು ತಿಂಗಳ ಗರ್ಭಿಣಿಯೊಬ್ಬರು ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ದೇಶದಾಚೆಗೂ ಹೋಯಿತು. ತೆಪ್ಪ ಬಿಡಲಾಗದಷ್ಟು ನೀರಿತ್ತು. ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಜೊತೆಯಲ್ಲಿ ಆಕೆ ಆಚೆ ದಡ ಸೇರಿ ಕಕ್ಕೇರಾ ತಲುಪಿದರು. ಊರಿನಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ, ಮನೆಯಲ್ಲಿ ಹೆರಿಗೆಯಾಗುವುದು ಆಕೆಗೆ ಬೇಡವಾಗಿತ್ತು. ಪತ್ರಿಕೆಗಳು ಆಕೆಯ ಧೈರ್ಯವನ್ನು ಹೊಗಳಿದವು. ಹೊಗಳಿಕೆ ಸರಿಯೇ, ಆದರೆ ಯಾವ ಬಸುರಿಗೂ ಅಂಥ ಧೈರ್ಯದ ಅಗತ್ಯ ಬೀಳಬಾರದು. ದಯವಿಟ್ಟು ಇದನ್ನು ಯಾರೂ ಅನುಸರಿಸಬೇಡಿ.

ಆಕೆಯ ಲೆಕ್ಕಾಚಾರದಲ್ಲಿ ಒಂದು ಅಂಶ ಮಾತ್ರ ಪೂರ್ತಿ ಸರಿಯಿತ್ತು: ನೋವು ಶುರುವಾಗುವವರೆಗೆ ಕಾಯಲಿಲ್ಲ. ಹೆರಿಗೆಗೆ ಬೇಕಾದ್ದನ್ನೆಲ್ಲ ದೋಣಿಯಲ್ಲಿ ತರಲಾಗುವುದಿಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನೂ ತಂಪಿನಲ್ಲೇ ಇಡಬೇಕು. ಬಿಸಿಯಲ್ಲಿಟ್ಟರೆ ಅದರ ಶಕ್ತಿ ಕುಗ್ಗುತ್ತದೆ. ರಕ್ತ, ಶಸ್ತ್ರಚಿಕಿತ್ಸೆಯ ಮೇಜು, ಅರಿವಳಿಕೆ ಕೊಡುವವರು ಇವೆಲ್ಲ ಇರುವುದು ಆಚೆ ದಡದಲ್ಲಿ. ಹಾಗಾಗಿ ಹೆರಿಗೆಯ ದಿನ ಜುಲೈಯಿಂದ ಅಕ್ಟೋಬರ್ ನಡುವೆ ಬರುವುದಾದರೆ ಕನಿಷ್ಠ ಎರಡು-ಮೂರು ವಾರ ಮುಂಚೆ ಗರ್ಭಿಣಿಯನ್ನು ಆಸ್ಪತ್ರೆಗೆ ಹತ್ತಿರದ ತವರಿಗೋ ಸಂಬಂಧಿಕರ ಮನೆಗೋ ಕಳಿಸಿ. ಹಿಂದಿನದು ಸಿಸೇರಿಯನ್ ಆಗಿದ್ದರೆ, ಬಿಪಿ ಇದ್ದರೆ, ಅವಳಿ ಇದ್ದರೆ, ರಕ್ತ ತೀರಾ ಕಡಿಮೆಯಿದ್ದರೆ ಇನ್ನೂ ಬೇಗ. ಉಳಿಯಲು ಮನೆಯಿಲ್ಲದಿದ್ದರೆ ಮುಂಚಿತವಾಗಿ ದಾಖಲಾಗುವ ಅವಕಾಶವನ್ನು ಆರೋಗ್ಯ ಕೇಂದ್ರದ ವೈದ್ಯರ ಬಳಿ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ, ಹೋಗಿಬರುವ ವಾಹನ ಉಚಿತವಾಗಿ ಸಿಗಬೇಕೆಂಬ ಕೇಂದ್ರ ಸರ್ಕಾರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯವೂ ಹಾಗೆಯೇ. ವಾರಕ್ಕೆ ಎರಡು-ಮೂರು ಸಲ ದಾಟಬೇಕಾದವರು ಮಳೆಗಾಲವನ್ನು ಗಡ್ಡಿಯಲ್ಲಿ ಕಳೆಯಬಾರದು. ನೀರು ಬಿಡುವ ಡಂಗುರ ಕೇಳಿದ ದಿನವೇ ಹೊರಡಿ. ಸಿಕ್ಕಿಕೊಂಡೇಬಿಟ್ಟರೆ ವೈದ್ಯರು ಹೇಳಿದ ಅಳತೆಗಿಂತ ಹೆಚ್ಚು ನೀರು, ಉಪ್ಪು ಬೇಡ, ಬಾಳೆಹಣ್ಣು ಬೇಡ. ಸುಸ್ತಾಗಿದೆಯೆಂದು ಎಳನೀರು ಕುಡಿಸಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಅವರ ಹೃದಯಕ್ಕೆ ಅಪಾಯ.

ಇನ್ನು ಹಾವು. ನೀರು ಏರಿದಾಗ ಹಾವುಗಳೂ ನಿಮ್ಮಂತೆಯೇ ಎತ್ತರದ ಜಾಗ ಹುಡುಕಿ ಬರುತ್ತವೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಹಾವಿನ ಅನುಮಾನ ಇರಲಿ. ‘ಹಾವಿನ ಔಷಧಿಯನ್ನೇ ದೋಣಿಯಲ್ಲಿ ತರಿಸಿ ಮನೆಯಲ್ಲಿ ಕೊಡಬಾರದೇ?’ ಎಂದು ಕೇಳುವವರಿದ್ದಾರೆ. ಪುಡಿ ರೂಪದ ಪ್ರತಿವಿಷ ತಂಪಿಲ್ಲದೆಯೂ ಪ್ರಯಾಣ ತಡೆಯುತ್ತದೆ, ನಿಜ. ಆದರೆ ಅದನ್ನು ರಕ್ತನಾಳದ ಮೂಲಕ ಕೊಡಬೇಕು, ಮೊದಲ ಹಂತದಲ್ಲೇ ಸುಮಾರು 10 ಬಾಟಲಿ ಬೇಕಾಗಬಹುದು, ಕೆಲವರಿಗೆ ಅದರಿಂದಲೇ ತೀವ್ರ ಅಲರ್ಜಿಯಾಗಿ ಉಸಿರು ಕಟ್ಟಬಹುದು. ವೈದ್ಯರಿಲ್ಲದ ಕಡೆ ಕೊಡುವ ಔಷಧಿ ಅದಲ್ಲ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿಯಿಟ್ಟು ಅಲುಗಾಡದಂತೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ನಡೆಸಬೇಡಿ. ಕಚ್ಚಿದ ಸಮಯ ಬರೆದುಕೊಂಡು ಹೊರಡಿ. ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತ ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ.

ನಾಯಿ ಕಚ್ಚಿದರೆ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಗೆ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ ಹೋಗಬೇಕು. ಮೊದಲ ಮೂರು ಸರದಿ ಒಂದೇ ವಾರದೊಳಗೆ ಬರುವುದರಿಂದ, ನೀರು ಏರುವ ಸೂಚನೆಯಿದ್ದರೆ ಆ ಒಂದು ವಾರ ಆಚೆ ದಡದಲ್ಲೇ ಉಳಿದುಕೊಳ್ಳುವುದು ಒಳ್ಳೆಯದು.

ಡ್ರೋನ್ ಬಂದರೆ ದೋಣಿ ಬೇಡವೇ?

ಈ ಪ್ರಶ್ನೆಗೂ ಹೈದರಾಬಾದಿನ ಸಮೀಪವೇ ಒಂದು ಪ್ರಯೋಗವಿದೆ. 2021ರ ಸೆಪ್ಟೆಂಬರ್ 11ರಂದು ನಗರದ ಪಶ್ಚಿಮಕ್ಕಿರುವ ವಿಕಾರಾಬಾದಿನಲ್ಲಿ ತೆಲಂಗಾಣ ಸರ್ಕಾರ ‘ಆಕಾಶದಿಂದ ಔಷಧಿ’ ಯೋಜನೆಯನ್ನು ಆರಂಭಿಸಿ, ಡ್ರೋನ್‌ಗಳಲ್ಲಿ ಲಸಿಕೆ, ಔಷಧಿ ಕಳಿಸಿ ನೋಡಿತು. ಅದೇ ಅಕ್ಟೋಬರ್ 4ರಂದು ಮಣಿಪುರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲೋಕಟಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆಯನ್ನು ಡ್ರೋನ್‌ನಲ್ಲಿ ತಲುಪಿಸಿತು. ಸುಮಾರು 15 ಕಿ.ಮೀ. ಆಕಾಶದಾರಿ, ಕಾಲು ಗಂಟೆಯೊಳಗೆ ಮುಗಿಯಿತು. ದ್ವೀಪಗಳಿಗೆ ಇದು ದೊಡ್ಡ ಭರವಸೆಯೇ.

ಆದರೆ ಡ್ರೋನ್ ನರ್ಸನ್ನು ಕರೆತರುವುದಿಲ್ಲ, ರೋಗಿಯನ್ನು ಕರೆದೊಯ್ಯುವುದಿಲ್ಲ. ಅಸ್ಸಾಮಿನ ಬ್ರಹ್ಮಪುತ್ರದಲ್ಲಿ 2005ರಿಂದ ಓಡಾಡುತ್ತಿರುವ ದೋಣಿ ಚಿಕಿತ್ಸಾಲಯಗಳು ವೈದ್ಯರು, ನರ್ಸ್, ಔಷಧಾಲಯ ಎಲ್ಲವನ್ನೂ ಒಂದೇ ದೋಣಿಯಲ್ಲಿ ಹೊತ್ತು ನಡುಗಡ್ಡೆಗಳಿಗೆ ಹೋಗುತ್ತವೆ. ಡಿಬ್ರೂಗಢದಲ್ಲಿ ನೀರಿಗಿಳಿದ ಮೊದಲ ದೋಣಿಯ ಹೆಸರು ‘ಅಖಾ’, ಅಂದರೆ ಭರವಸೆ. 2008ರಿಂದ ಸರ್ಕಾರದ ಆರೋಗ್ಯ ಮಿಷನ್ ಅದರ ಜೊತೆಗೂಡಿದೆ. ಕೃಷ್ಣೆಯ ಹರಿವು ಬೇರೆ, ಗಡ್ಡಿಗಳೂ ಚಿಕ್ಕವು. ಹಾಗಿದ್ದರೂ ನಮ್ಮ ಕಡೆಗೆ ಹೆಚ್ಚು ಹೊಂದುವುದು ಈ ಮಾದರಿಯೇ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ನಿಮಗಿರುವುದು ತೆಪ್ಪ, ಅಂಬಿಗರು ಮತ್ತು ಫೋನ್.

ದಾಟುವ ಹೊತ್ತು ಬಂದಾಗ

108 ಆಂಬುಲೆನ್ಸ್ ಸೇವೆ ಶುರುವಾದದ್ದು ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಿಂದ ಇದೆ. ಆಂಬುಲೆನ್ಸ್ ನಿಮ್ಮ ದಡಕ್ಕೆ ಬರಲಾರದು, ಆಚೆ ದಡಕ್ಕೆ ಬರುತ್ತದೆ. ಆದ್ದರಿಂದ ಕರೆ ಮಾಡಿದಾಗ ನಿಮ್ಮೂರಿನ ಹೆಸರಿನ ಜೊತೆಗೆ ತೆಪ್ಪ ತಲುಪುವ ಜಾಗದ ಹೆಸರು, ಅದರ ಹತ್ತಿರದ ಗುಡಿಯೋ ಪಂಪ್‌ಹೌಸೋ ಏನಿದೆ ಎಂಬುದು, ದಾಟಲು ಎಷ್ಟು ನಿಮಿಷ ಬೇಕು ಎಂಬುದನ್ನು ಹೇಳಿ. ದಾಟಿದ ಮೇಲೆ ಕರೆ ಮಾಡೋಣ ಎಂದುಕೊಳ್ಳಬೇಡಿ. ತೆಪ್ಪ ನೀರಿಗಿಳಿಯುವ ಮುಂಚೆಯೇ ಮಾಡಿ, ನೀವು ಮುಟ್ಟುವ ಹೊತ್ತಿಗೆ ವಾಹನ ಅಲ್ಲಿರಲಿ. ತುರ್ತಿಲ್ಲದ ಸಲಹೆಗೆ, ಯಾವ ಮಾತ್ರೆ ಎಷ್ಟು ಎಂಬಂಥ ಅನುಮಾನಗಳಿಗೆ 104ಕ್ಕೆ ಕರೆ ಮಾಡಬಹುದು.

ನದಿ ಉಕ್ಕಿ ತೆಪ್ಪ ಹಾಕಲಾಗದಿದ್ದರೆ ಅಂಬಿಗರನ್ನು ಒತ್ತಾಯಿಸಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಅಲ್ಲಿಗೆ ಕರೆ ಮಾಡಿ, ‘ಔಷಧಿ ಬೇಕು’ ಎಂದಷ್ಟೇ ಹೇಳದೆ ರೋಗಿಯ ವಯಸ್ಸು, ಕಾಯಿಲೆ, ಔಷಧಿಯ ಮೂಲ ಹೆಸರು, ಇನ್ನೆಷ್ಟು ದಿನದ್ದು ಉಳಿದಿದೆ ಎಂದು ಹೇಳಿ. ಯಾಂತ್ರಿಕ ದೋಣಿ ಕಳಿಸುವವರಿಗೆ ಯಾರ ಮನೆಗೆ ಮೊದಲು ಹೋಗಬೇಕೆಂದು ತಿಳಿಯುವುದು ಈ ವಿವರದಿಂದಲೇ.

ತೆಪ್ಪದಲ್ಲಿ ರೋಗಿಯನ್ನು ನಡುವೆ, ತಗ್ಗಿನಲ್ಲಿ ಕೂರಿಸಿ ಅಥವಾ ಮಲಗಿಸಿ. ಎಚ್ಚರ ತಪ್ಪಿದವರನ್ನೂ ಗರ್ಭಿಣಿಯರನ್ನೂ ಎಡಮಗ್ಗುಲಿಗೆ ಮಲಗಿಸಬೇಕು. ಉಸಿರುಗಟ್ಟುತ್ತಿರುವವರನ್ನು ಮಲಗಿಸದೆ ಒರಗಿಸಿ ಕೂರಿಸಿ. ಜೊತೆಗೆ ಒಬ್ಬರು ಸಾಕು. ನೋಡಲು ಹೊರಟ ಬಂಧುಗಳೆಲ್ಲ ಹತ್ತಿದರೆ ತೆಪ್ಪವೇ ವಾಲುತ್ತದೆ. ಜೀವರಕ್ಷಕ ಜಾಕೆಟ್ ಇದ್ದರೆ ಮೊದಲು ರೋಗಿಗೆ ಹಾಕಿ. ಚೀಟಿ, ಆಧಾರ್, ಆಯುಷ್ಮಾನ್ ಕಾರ್ಡ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳಾದರೂ ಪ್ಲಾಸ್ಟಿಕ್ ಚೀಲದಲ್ಲಿ ನಿಮ್ಮ ಸೊಂಟಕ್ಕೆ ಕಟ್ಟಿಕೊಂಡಿರಲಿ.

ನೀರು ಇಳಿದು ಮನೆಗೆ ಮರಳಿದಾಗ ಹೊಳೆಯ ನೀರಿನಲ್ಲಿ ನೆನೆದ ಮಾತ್ರೆ, ಟಾನಿಕ್, ಕಣ್ಣಿನ ಹನಿ, ಮುಳುಗಿದ ಇನ್ಸುಲಿನ್ ಬಾಟಲಿಗಳನ್ನು ಬಳಸಬೇಡಿ. ತೊಳೆದು ಒಣಗಿಸಿದರೂ ಅವು ಸುರಕ್ಷಿತವಲ್ಲ. ಸ್ಟ್ರಿಪ್ ಹರಿಯದೆ, ಒಳಗಿನ ಮಾತ್ರೆ ಒಣಗಿಯೇ ಇದ್ದು, ಅದು ಫಿಟ್ಸ್ ಅಥವಾ ಹೃದಯದಂಥ ಕಾಯಿಲೆಯ ಮಾತ್ರೆಯಾಗಿದ್ದರೆ ಬದಲಿ ಸಿಗುವವರೆಗೆ ಮಾತ್ರ ತೆಗೆದುಕೊಳ್ಳಿ. ಹಾಳಾದವುಗಳ ಖಾಲಿ ಪೆಟ್ಟಿಗೆಗಳನ್ನು ಎಸೆಯದೆ ಆರೋಗ್ಯ ಕೇಂದ್ರಕ್ಕೆ ಒಯ್ದು ತೋರಿಸಿ, ಮೊದಲ ದೋಣಿಯಲ್ಲೇ ಬದಲಿ ತರಿಸಿಕೊಳ್ಳಿ.